ಬಲ್ಮಠದ ಸಭೆ

ಮಂಗಳೂರಿನ ಹಂಪನಕಟ್ಟೆಯ ಗದ್ದಲವನ್ನು ಹಿಂದೆ ಬಿಟ್ಟು ಪೂರ್ವದಿಕ್ಕಿಗೆ ಏರುಮಾರ್ಗವನ್ನು ಹಿಡಿದು ನಡೆವವರಿಗೆ ಬಲ್ಮಠವೆಂಬ ದಿಣ್ಣೆಯೂ, ಅದರ ಮೇಲೆ 1862ರಲ್ಲಿ ನಿರ್ಮಿತವಾಗಿ ಇಂದು ಶಾಂತಿ ಕೆಥೆಡ್ರಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ದೇವಾಲಯವೂ ಎದುರಾಗುತ್ತವೆ. ಊರಿನಲ್ಲಿ ಇದಕ್ಕಿಂತ ಪ್ರಾಚೀನವಾದ ಇಗರ್ಜಿಗಳುಂಟು, ಇದಕ್ಕಿಂತ ಅಲಂಕೃತವಾದವೂ ಉಂಟು. ಆದರೆ ಕ್ರೈಸ್ತಸಭೆಯೊಂದು ಇತರರಿಗೆ ಮಾದರಿಯಾಗುವುದು ಯಾವುದರಿಂದ ಎಂದು ವಿಚಾರಮಾಡುವವನು ಮೊದಲು ಬಂದು ನೋಡತಕ್ಕ ಸ್ಥಳ ಇದು ಎಂದು ನನ್ನ ದೃಢವಾದ ಅಭಿಪ್ರಾಯ.

ಆ ಪ್ರಶ್ನೆಯಾದರೋ ಕ್ರೈಸ್ತಮತದಷ್ಟೇ ಹಳೆಯದು. ಥೆಸಲೋನಿಕದ ಹೊಸ ವಿಶ್ವಾಸಿಗಳನ್ನು ಮಕೆದೋನ್ಯ ಅಖಾಯ ಸೀಮೆಗಳವರಿಗೆಲ್ಲ ಮಾದರಿಯಾದವರೆಂದು ಪೌಲನು ಪ್ರಶಂಸಿಸಿದ ಪತ್ರದಲ್ಲಿಯೇ, ಯಾರಿಗೂ ಭಾರವಾಗದೆ ಸ್ವಹಸ್ತದಿಂದ ದುಡಿದು ಬಾಳಬೇಕೆಂಬ ಬುದ್ಧಿವಾದವೂ ಇದೆ. ಬಲ್ಮಠದ ಚರಿತ್ರೆಯಲ್ಲಿ ಆ ಬುದ್ಧಿವಾದವು ಉಪದೇಶವಾಗಿ ಉಳಿಯದೆ ಮಗ್ಗವಾಯಿತು, ಹಂಚಾಯಿತು, ಅಚ್ಚುಮೊಳೆಯಾಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ ಸಂಸ್ಥೆಯಿಂದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದದ್ದು 1834ರ ಅಕ್ಟೋಬರಿನಲ್ಲಿ. ಅವರ ಬೋಧೆಯನ್ನು ಕೇಳಿ ದೀಕ್ಷಾಸ್ನಾನ ಪಡೆದವರಲ್ಲಿ ಬಹುಮಂದಿ ಬಿಲ್ಲವರು. ದೀಕ್ಷೆಯೊಡನೆ ಅವರಿಗೆ ಒದಗಿದ ಕಷ್ಟವನ್ನು ನಾವು ಇಂದು ಊಹಿಸುವುದೂ ಸುಲಭವಲ್ಲ: ಬಂಧುವರ್ಗವು ದೂರವಾಯಿತು, ಗೇಣಿಯ ಭೂಮಿ ಕೈತಪ್ಪುವ ಭೀತಿ ಬಂತು, ಕಳ್ಳಿಳಿಸುವ ಕುಲವೃತ್ತಿಯನ್ನು ಸಭೆಯೇ ನಿಷೇಧಿಸಿತು. ಹೊಟ್ಟೆಯ ಪಾಡನ್ನು ಕಿತ್ತುಕೊಂಡ ಮೇಲೆ ಪರಲೋಕದ ಭರವಸೆಯನ್ನಷ್ಟೇ ಕೊಟ್ಟು ಸುಮ್ಮನಿರುವುದು ಧರ್ಮವಲ್ಲವೆಂಬುದನ್ನು ಆ ಪಾದ್ರಿಗಳು ಅರಿತುಕೊಂಡರು. ಗಡಿಯಾರದ ಕೆಲಸವೇ ಮೊದಲಾದ ಕೆಲವು ಪ್ರಯೋಗಗಳು ಫಲಿಸದೆ ಹೋದವು. 1851ರಲ್ಲಿ ಹಾಲರ್ ಎಂಬವರು ವಹಿಸಿಕೊಂಡ ನೇಯ್ಗೆ ನೆಲೆನಿಂತಿತು. ಪ್ಲೆಬ್ಸ್ಟ್ ಎಂಬವರು ಇಲ್ಲಿಯ ನದೀತೀರದ ಜೇಡಿಯನ್ನು ಪರೀಕ್ಷಿಸಿ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕರಾವಳಿಯ ಹಳೆಯ ಮನೆಯೊಂದರ ಮಾಡು ಬಿಚ್ಚಿದಾಗ ಕೆಳಗಿಳಿಸಿದ ಹಂಚನ್ನು ಮಗುಚಿ ಧೂಳೊರಸಿದರೆ, ಬಾಸೆಲ್ ಮಿಶನ್ನಿನ ಹೆಸರು ಉಬ್ಬಕ್ಷರಗಳಲ್ಲಿ ಇಂದಿಗೂ ಬೆರಳಿಗೆ ತಾಗುತ್ತದೆ. ಆ ಸೂರಿನಡಿ ಬಾಳಿದವರು ಯಾವ ಮತದವರೆಂದು ಹಂಚು ಕೇಳಲಿಲ್ಲ.

ಇದಕ್ಕಿಂತಲೂ ಕನ್ನಡಿಗನ ಮನಸ್ಸನ್ನು ಸೆಳೆವುದು ಇಲ್ಲಿಯ ಮುದ್ರಣಾಲಯದ ಕಥೆ. 1841ರಲ್ಲಿ ಪ್ರಾರಂಭವಾದ ಆ ಮುದ್ರಣಾಲಯದಿಂದ 1843ರ ಜುಲೈ ಒಂದರಂದು ಹೆರ್ಮನ್ ಮೊಗ್ಲಿಂಗರ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಿತು. ಜಿಡ್ಡುಮಸಿಯಲ್ಲಿ ಬರೆದ ಅಕ್ಷರವನ್ನು ನಯಮಾಡಿದ ಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ನೀರಿನಿಂದ ತೇವಮಾಡಿ, ಮಸಿಯ ಉರುಳೆಯನ್ನು ಹಾಯಿಸಿ, ಒಂದೊಂದಾಗಿ ಹಾಳೆಯನ್ನು ಒತ್ತಿ ತೆಗೆವ ಶಿಲಾಮುದ್ರಣವದು. ಅದೇ ವಿಧಾನದಿಂದ ಮೊಗ್ಲಿಂಗರು 1848ರಿಂದ ಮುಂದಿನ ಐದಾರು ವರ್ಷಗಳಲ್ಲಿ ಹೊರತಂದ ಗ್ರಂಥಮಾಲೆಯಲ್ಲಿ ಏನೇನಿತ್ತೆಂಬುದನ್ನು ಓದುಗರು ಲಕ್ಷ್ಯವಿಟ್ಟು ಕೇಳಬೇಕು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಕನಕದಾಸರ ಹರಿಭಕ್ತಿಸಾರ, ಯಕ್ಷಗಾನದ ಪ್ರಸಂಗ! ಅನ್ಯಮತವನ್ನು ಬೋಧಿಸಲು ಬಂದವನು, ತಾನು ಒಪ್ಪದ ಭಕ್ತಿಯ ಹಾಡುಗಳನ್ನು ಓಲೆಯಿಂದಲೂ ಬಾಯಿಂದಲೂ ಸಂಗ್ರಹಿಸಿ, ಒಪ್ಪವಾಗಿ ಅಚ್ಚುಮಾಡಿ ನಮ್ಮ ಕೈಗೇ ಇತ್ತನೆಂಬುದು ಸಾಮಾನ್ಯವಾದ ಔದಾರ್ಯವಲ್ಲ. ಕಿಟ್ಟೆಲರ ನಿಘಂಟು 1894ರಲ್ಲಿ ಪ್ರಕಟವಾದದ್ದು ಈ ಮಿಶನ್ನಿನ ಮಂಗಳೂರಿನ ಪ್ರಕಾಶನದಿಂದಲೇ. ತುಳುವಿಗೆ ಅಚ್ಚಿನ ಪುಸ್ತಕ, ವ್ಯಾಕರಣ, ನಿಘಂಟುಗಳು ದೊರೆತದ್ದೂ ಇವರಿಂದಲೇ.

ದೋಷಗಳನ್ನು ಮುಚ್ಚಿಡುವುದು ಸತ್ಯಕ್ಕೆ ಅಪಚಾರ. ನಮ್ಮವರ ದೇವರುಗಳನ್ನೂ ಆಚಾರಗಳನ್ನೂ ಕುರಿತು ಆ ಕಾಲದ ಮಿಶನರಿಗಳು ಬರೆದ ಕಠೋರವಾದ ಮಾತುಗಳು ಓದುವವರ ಮನಸ್ಸನ್ನು ಈಗಲೂ ನೋಯಿಸುತ್ತವೆ. 1844ರಲ್ಲಿ ಆನಂದರಾಯ ಕೌಂಡಿನ್ಯನೆಂಬ ಬ್ರಾಹ್ಮಣ ತರುಣನು ದೀಕ್ಷೆ ಪಡೆದಾಗ ಊರಿನಲ್ಲೆದ್ದ ಕ್ಷೋಭೆ ಸಣ್ಣದಲ್ಲ. ಆದರೂ ಆ ತರುಣನನ್ನು ಶಿಷ್ಯನಾಗಿಯೇ ಉಳಿಸದೆ, ಬಾಸೆಲಿಗೆ ಕಳುಹಿ ವಿದ್ಯೆ ಕಲಿಸಿ, 1851ರಲ್ಲಿ ತಮ್ಮ ಸಮಾನನಾದ ಪಾದ್ರಿಯನ್ನಾಗಿ ಅಭಿಷೇಕಿಸಿದರೆಂಬುದನ್ನೂ ಅದರೊಡನೆಯೇ ಹೇಳತಕ್ಕದ್ದು.

ಹೀಗೆ ಸಿದ್ಧರಾದ ಸ್ಥಳೀಯರ ಬಲವು ಪರೀಕ್ಷೆಗೆ ಬಂದದ್ದು 1914ರ ಮಹಾಯುದ್ಧದಲ್ಲಿ. ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರವು ಬಂಧನದಲ್ಲಿರಿಸಿತು. ಕಾರ್ಖಾನೆಗಳು ಪರರ ವಶವಾದವು. ಸಭೆ ಮಾತ್ರ ಚದುರಲಿಲ್ಲ. ಭಾನುವಾರದ ಆರಾಧನೆಯನ್ನೂ ಶಾಲೆಗಳನ್ನೂ ಈ ಮಣ್ಣಿನ ಸಭಾಪಾಲಕರೂ ಉಪಾಧ್ಯಾಯರೂ ಹೊತ್ತು ನಡೆಸಿದರು. 1947ರಲ್ಲಿ ದಕ್ಷಿಣ ಭಾರತದ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಭೇದಗಳನ್ನು ಬದಿಗಿಟ್ಟು ದಕ್ಷಿಣ ಭಾರತ ಸಭೆಯಾಗಿ ಒಂದುಗೂಡಿದವು; ಆ ಐಕ್ಯದಲ್ಲಿ ಇವರೂ ಸೇರಿದರು. ನೂರು ವರ್ಷಕ್ಕೂ ಮಿಕ್ಕಿ ಅಭಿಮಾನದಿಂದ ಹೊತ್ತ ಹೆಸರನ್ನು ಐಕ್ಯಕ್ಕಾಗಿ ಬಿಟ್ಟುಕೊಡುವುದಕ್ಕೆ ದೊಡ್ಡ ಮನಸ್ಸು ಬೇಕು. ಇತರ ಸಭೆಗಳೂ, ಸಭೆಗಳಲ್ಲದ ನಮ್ಮ ಸಂಘಸಂಸ್ಥೆಗಳೂ ಇದನ್ನು ಇಲ್ಲಿಂದ ಕಲಿಯಬಹುದು.

ದೇವಾಲಯವನ್ನು ನೋಡಿಯಾದ ಮೇಲೆ ಬಲ್ಮಠದಲ್ಲಿಯೇ ಇರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೂ ಹೋಗಬೇಕು. ಮಿಶನ್ನಿನ ಹಳೆಯ ಮುದ್ರಿತ ಗ್ರಂಥಗಳೂ ತಾಳೆಯೋಲೆಗಳೂ ಅಲ್ಲಿಯ ಪತ್ರಾಗಾರದಲ್ಲಿ ರಕ್ಷಿತವಾಗಿವೆ. ಕನ್ನಡವನ್ನು ವ್ಯಾಸಂಗಮಾಡುವ ತರುಣರು ಮಂಗಳೂರಿಗೆ ಬಂದಾಗ ಅರ್ಧ ದಿನವನ್ನಾದರೂ ಅದಕ್ಕೆ ಮೀಸಲಿಡಬೇಕೆಂದು ನನ್ನ ವಿನಂತಿ.