ದಾಳ ಆಡಿದ ಮೇಯರ್, ಕಟಕಟೆ ಏರಿದ ಮೇಯರ್, ಸೂರು ಹತ್ತಿ ಓಡಿದ ಮೇಯರ್!

ಡಿಸೆಂಬರ್ ತಿಂಗಳು. ಸಂತ ನಿಕೋಲಸನ ಹಬ್ಬ. ಮಧ್ಯಾಹ್ನದ ಊಟ ಮುಗಿದಿದೆ. ಊರಿನ ಮೇಯರ್ ಕೂತಿದ್ದಾರೆ, ಸುತ್ತ ಹಿರಿಯ ಸದಸ್ಯರು ಕೂತಿದ್ದಾರೆ. ಈಗ ಮೇಯರ್ ಏನು ಮಾಡಬೇಕೆಂದು ಊರಿನ ಕಟ್ಟುಕಟ್ಟಳೆಯ ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ. ಏನಿರಬಹುದು, ಊಹಿಸಿ!

ಭಾಷಣ? ಅಲ್ಲ. ಪ್ರಾರ್ಥನೆ? ಅದಿನ್ನೂ ಆಮೇಲೆ.

ದಾಳ ಆಡಬೇಕು!

ಹೌದು, ಮೇಯರ್ ಸಾಹೇಬರು ಸಂಗಡಿಗರ ಜೊತೆ ದಾಳ ಉರುಳಿಸುತ್ತಾ ಕಾಯಬೇಕು. ಯಾರಿಗಾಗಿ? ಒಬ್ಬ ಹುಡುಗನಿಗಾಗಿ! ಆ ಹಬ್ಬಕ್ಕೆ ಚರ್ಚಿನ ಹುಡುಗನೊಬ್ಬ ಬಿಷಪ್ ಆಗಿ ಮೆರೆಯುತ್ತಿದ್ದ. ಅವನು ಬಂದ ಮೇಲೆಯೇ ಮುಂದಿನ ಶಾಸ್ತ್ರ. ಊರಿಗೆ ಊರೇ ತಲೆಬಾಗುವ ಮೇಯರ್ ಅವನ ಆಶೀರ್ವಾದ ಪಡೆಯುತ್ತಿದ್ದರು!

ಇದು ಇಂಗ್ಲೆಂಡಿನ ಪಶ್ಚಿಮದ ಬಂದರು, ಬ್ರಿಸ್ಟಲ್. ಪುಸ್ತಕ ಬರೆಯಲು ತೊಡಗಿದ್ದು 1479ರ ಹೊತ್ತಿಗೆ. ಬರೆದವನು ರಾಬರ್ಟ್ ರಿಕಾರ್ಟ್, ಊರಿನ ಟೌನ್ ಕ್ಲರ್ಕ್. ಈಗ ಕೇಳಿ, ನನಗೆ ತುಂಬಾ ಇಷ್ಟವಾದ ವಿಷಯ ಇದು. ದಾಳ ಒದಗಿಸುವ ಕೆಲಸ ಟೌನ್ ಕ್ಲರ್ಕನದು. ಪ್ರತಿ ಆಟಕ್ಕೂ ಅವನಿಗೆ ಒಂದು ಪೆನ್ನಿ ಸಲ್ಲಬೇಕು. ಅಂದರೆ ರಿಕಾರ್ಟ್ ತನಗೆ ಬರಬೇಕಾದ ಕಾಸನ್ನೂ ಮರೆಯದೆ ಬರೆದಿಟ್ಟ!

ಅದೇ ಪುಸ್ತಕದಲ್ಲಿ ಒಂದು ಬಣ್ಣದ ಚಿತ್ರವಿದೆ. ಹಳೆಯ ಮೇಯರ್ ಧರ್ಮಗ್ರಂಥ ಹಿಡಿದಿದ್ದಾರೆ, ಹೊಸಬರು ಅದರ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಿದ್ದಾರೆ. ಐದು ಶತಮಾನಗಳ ಹಿಂದಿನ ಪದಗ್ರಹಣ ಕಣ್ಣಮುಂದೆ!

ಆ ಕುರ್ಚಿಗೆ ಆಗಲೇ ಎಷ್ಟು ವಯಸ್ಸಾಗಿತ್ತು ಗೊತ್ತೇ? ಬ್ರಿಸ್ಟಲ್ ತನ್ನ ಮೇಯರ್‌ಗಿರಿಯನ್ನು ಲೆಕ್ಕ ಹಾಕುವುದು 1216ರಿಂದ! 1373ರಲ್ಲಿ ಮೂರನೇ ಎಡ್ವರ್ಡ್ ದೊರೆ ಈ ಊರಿಗೆ ಸ್ವತಂತ್ರ ಕೌಂಟಿಯ ಪಟ್ಟ ಕೊಟ್ಟ. ಲಂಡನ್ ಬಿಟ್ಟರೆ ಅಂಥ ಗೌರವ ಮೊದಲು ಸಿಕ್ಕಿದ್ದು ಇದಕ್ಕೇ!

ಕುರ್ಚಿಯ ಮೇಲೆ ಎಂಥೆಂಥವರು ಕೂತರು! ವಿಲಿಯಂ ಕ್ಯಾನಿಂಗ್ಸ್‌ನನ್ನೇ ತೆಗೆದುಕೊಳ್ಳಿ. ಹಡಗುಗಳ ಒಡೆಯ. ಎಂಟು ವರ್ಷ ಕಾಲ 800 ಮಂದಿಗೆ ತನ್ನ ಹಡಗುಗಳಲ್ಲಿ ಕೆಲಸ ಕೊಟ್ಟವನು. ಐದು ಬಾರಿ ಮೇಯರ್! ಹೆಂಡತಿ ತೀರಿಕೊಂಡಳು. ಆಮೇಲೆ ಏನು ಮಾಡಿದ? ಎಲ್ಲವನ್ನೂ ಬಿಟ್ಟು ಪಾದ್ರಿಯಾದ! 1468ರಲ್ಲಿ ಸೇಂಟ್ ಮೇರಿ ರೆಡ್‌ಕ್ಲಿಫ್ ಚರ್ಚಿನಲ್ಲಿ ಮೊದಲ ಪೂಜೆ ಸಲ್ಲಿಸಿದ. ಅದರ ನೆನಪಿಗೆ ಈಗಲೂ ವರ್ಷಕ್ಕೊಮ್ಮೆ ಆ ಚರ್ಚಿನ ನೆಲಕ್ಕೆ ಜೊಂಡುಹುಲ್ಲು ಹಾಸುತ್ತಾರೆ, ಊರಿನ ಲಾರ್ಡ್ ಮೇಯರ್ ಮೆರವಣಿಗೆಯಲ್ಲಿ ಬರುತ್ತಾರೆ.

ಇನ್ನು 1685ಕ್ಕೆ ಬನ್ನಿ. ನ್ಯಾಯಾಧೀಶ ಜಾರ್ಜ್ ಜೆಫ್ರೀಸ್ ಬ್ರಿಸ್ಟಲ್‌ಗೆ ಬಂದಿದ್ದಾನೆ. ಕರುಣೆ ಎಂಬುದೇ ಗೊತ್ತಿಲ್ಲದವನೆಂದು ಇಂಗ್ಲೆಂಡೇ ನಡುಗುತ್ತಿದ್ದ ಮನುಷ್ಯ. ಮೇಯರ್ ಸರ್ ವಿಲಿಯಂ ಹೇಮನ್ ಅಧಿಕಾರದ ಉಡುಪು ತೊಟ್ಟು ನ್ಯಾಯಪೀಠದಲ್ಲಿ ಅವನ ಜೊತೆಗೇ ಕೂತಿದ್ದಾರೆ. ಇದ್ದಕ್ಕಿದ್ದಂತೆ ಜೆಫ್ರೀಸ್ ಗುಡುಗಿದ. ಇಳಿಯಿರಿ ಕೆಳಗೆ! ಹೋಗಿ ಕಟಕಟೆಯಲ್ಲಿ ನಿಲ್ಲಿ!

ಮೇಯರ್ ಅದೇ ಉಡುಪಿನಲ್ಲಿ, ಕಳ್ಳರು ನಿಲ್ಲುವ ಜಾಗದಲ್ಲಿ ನಿಂತರು!

ತಪ್ಪೇನು? ಉಸಿರು ಬಿಗಿಹಿಡಿಯಿರಿ. ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದವರನ್ನು ನೇಣು ತೋರಿಸಿ ಹೆದರಿಸುವುದು. ಅವರೇ ಗಡೀಪಾರು ಬೇಡುವಂತೆ ಮಾಡುವುದು. ಆಮೇಲೆ ವೆಸ್ಟ್ ಇಂಡೀಸಿನ ತೋಟಗಳಿಗೆ ಮಾರುವುದು! ಊರಿನ ದೊಡ್ಡ ಮನುಷ್ಯರು ಕಂಡುಕೊಂಡಿದ್ದ ವ್ಯಾಪಾರ ಇದು. ಮೇಯರ್‌ಗೆ ಬಿದ್ದ ದಂಡ 1,000 ಪೌಂಡ್! ಇಂಗ್ಲೆಂಡಿನ ಅತಿ ಕ್ರೂರ ನ್ಯಾಯಾಧೀಶನ ಬಾಯಿಂದ ಅಂದು ನ್ಯಾಯದ ಮಾತು ಬಂತು, ಅದೇ ನನಗೆ ಬೆರಗು.

1831ರ ಅಕ್ಟೋಬರ್. ಲಕ್ಷ ಜನರ ಊರು, ಮತದ ಹಕ್ಕು ಇದ್ದದ್ದು ಸುಮಾರು 6,000 ಮಂದಿಗೆ. ಆ ಹಕ್ಕನ್ನು ಹಿಗ್ಗಿಸುವ ಸುಧಾರಣಾ ಮಸೂದೆಯನ್ನು ಸಂಸತ್ತಿನ ಮೇಲ್ಮನೆ ತಿರಸ್ಕರಿಸಿತ್ತು. ಜನ ಸಿಡಿದೆದ್ದರು. ಕ್ವೀನ್ ಸ್ಕ್ವೇರಿನಲ್ಲಿದ್ದ ಮೇಯರ್ ಬಂಗಲೆಗೆ ನುಗ್ಗಿದರು, ನೆಲಮಾಳಿಗೆಯ ಮದ್ಯವನ್ನೆಲ್ಲ ಖಾಲಿ ಮಾಡಿದರು, ಬೆಂಕಿಯಿಟ್ಟರು! ಮೇಯರ್ ಚಾರ್ಲ್ಸ್ ಪಿನ್ನಿ ಎಲ್ಲಿ? ಮನೆಗಳ ಸೂರಿನ ಮೇಲೆ! ಒಂದರಿಂದ ಇನ್ನೊಂದಕ್ಕೆ ದಾಟಿ ಪ್ರಾಣ ಉಳಿಸಿಕೊಂಡರು. ಕರ್ತವ್ಯಲೋಪದ ವಿಚಾರಣೆಯೂ ನಡೆಯಿತು, ಖುಲಾಸೆಯಾದರು.

1899ರಲ್ಲಿ ಮೇಯರ್ ಪದವಿ ಲಾರ್ಡ್ ಮೇಯರ್ ಆಯಿತು. ವಿಕ್ಟೋರಿಯಾ ರಾಣಿ ಆ ವರ್ಷ ಊರಿಗೆ ಬಂದಾಗ ಮೊದಲ ಲಾರ್ಡ್ ಮೇಯರ್ ಹರ್ಬರ್ಟ್ ಆ್ಯಶ್‌ಮನ್‌ರಿಗೆ ನೈಟ್ ಪದವಿ ಕೊಟ್ಟರು. ಅರಮನೆಯಲ್ಲಲ್ಲ. ಗಾಡಿಯಿಂದಲೂ ಇಳಿಯದೆ, ನಡುಬೀದಿಯಲ್ಲಿ!

ಆದರೆ ನನ್ನ ಎದೆ ನಿಜಕ್ಕೂ ಜೋರಾಗಿ ಬಡಿದುಕೊಳ್ಳುವುದು ಇಲ್ಲಿಂದ ಮುಂದೆ.

2012ರ ಮೇ 3. ಇಂಗ್ಲೆಂಡಿನ 10 ನಗರಗಳಿಗೆ ಒಂದೇ ದಿನ ಒಂದೇ ಪ್ರಶ್ನೆ. ಆಡಳಿತ ನಡೆಸುವ ಮೇಯರನ್ನು ನೀವೇ ನೇರವಾಗಿ ಆರಿಸುವಿರಾ? ಎಷ್ಟು ನಗರಗಳು ಹೌದು ಎಂದವು? ಐದು? ಮೂರು?

ಒಂದೇ ಒಂದು! ಬ್ರಿಸ್ಟಲ್!

ಮೊದಲು ಗೆದ್ದವರು ಜಾರ್ಜ್ ಫರ್ಗುಸನ್, ಕೆಂಪು ಪ್ಯಾಂಟಿನ ವಾಸ್ತುಶಿಲ್ಪಿ. 51,000 ಪೌಂಡ್ ಸಂಬಳವನ್ನು ಪೂರ್ತಿ ‘ಬ್ರಿಸ್ಟಲ್ ಪೌಂಡ್’ ಎಂಬ ಊರಿನದೇ ನೋಟಿನಲ್ಲಿ ಪಡೆಯುವೆ ಎಂದರು! 2016ರಲ್ಲಿ ಮಾರ್ವಿನ್ ರೀಸ್ ಗೆದ್ದರು. ತಂದೆ ಜಮೈಕಾದವರು. ಪೂರ್ವಿಕರು ಗುಲಾಮರಾಗಿದ್ದವರು. ಗುಲಾಮರ ವ್ಯಾಪಾರದಿಂದ ಕೊಬ್ಬಿದ ಬಂದರನ್ನು ಅವರು ಆಳಿದರು! ಯುರೋಪಿನ ದೊಡ್ಡ ನಗರವೊಂದು ಆಫ್ರಿಕನ್ ಮೂಲದ ಮೇಯರನ್ನು ನೇರ ಮತದಿಂದ ಆರಿಸಿದ್ದು ಅದೇ ಮೊದಲು.

2018ರಲ್ಲಿ ಲಾರ್ಡ್ ಮೇಯರ್ ಕ್ಲಿಯೋ ಲೇಕ್ ತಮ್ಮ ಕಚೇರಿಯ ಗೋಡೆಯಿಂದ ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್‌ನ ಭಾವಚಿತ್ರ ಕೆಳಗಿಳಿಸಿದರು. 2020ರ ಜೂನ್ 7ರಂದು ಜನ ಅವನ ಕಂಚಿನ ಪ್ರತಿಮೆಯನ್ನೇ ಉರುಳಿಸಿ, ದರದರ ಎಳೆದೊಯ್ದು ಬಂದರಿನ ನೀರಿಗೆ ದಬ್ಬಿದರು! ಅಂದು ಆಡಳಿತ ನಡೆಸುತ್ತಿದ್ದ ಮೇಯರ್ ಯಾರು? ಮಾರ್ವಿನ್ ರೀಸ್!

ಕಥೆ ಮುಗಿಯಿತು ಅಂದುಕೊಂಡಿರಾ? 2022ರಲ್ಲಿ ಊರಿನ ಜನಕ್ಕೆ ಮತ್ತೆ ಪ್ರಶ್ನೆ. ನೇರವಾಗಿ ಆರಿಸಿದ ಮೇಯರ್ ಇರಲೇ, ಬೇಡವೇ? ಶೇ. 59 ಮಂದಿ ಬೇಡ ಎಂದರು! 2024ರ ಮೇ ತಿಂಗಳಲ್ಲಿ ಹುದ್ದೆಯೇ ರದ್ದಾಯಿತು. ತಾವೇ ಬೇಡಿ ಪಡೆದದ್ದನ್ನು ಹನ್ನೆರಡೇ ವರ್ಷದಲ್ಲಿ, ಇಬ್ಬರೇ ಮೇಯರ್‌ಗಳ ನಂತರ, ತಾವೇ ಅಳಿಸಿದರು!

ಹಾಗಾದರೆ ಬ್ರಿಸ್ಟಲ್‌ಗೆ ಈಗ ಮೇಯರೇ ಇಲ್ಲವೇ? ಇದ್ದಾರೆ! 1216ರ ಆ ಹಳೆಯ ಕುರ್ಚಿಯ ವಾರಸುದಾರ ಲಾರ್ಡ್ ಮೇಯರ್. ಆಡಳಿತದ ಅಧಿಕಾರವಿಲ್ಲ, ಊರಿನ ಮೊದಲ ಪ್ರಜೆಯ ಗೌರವ ಮಾತ್ರ. ಆ ಹುದ್ದೆಯನ್ನು ಇಡಬೇಕೇ ಬೇಡವೇ ಎಂದು ಈ ಎರಡೂ ಮತದಾನಗಳಲ್ಲಿ ಯಾರೂ ಕೇಳಲೇ ಇಲ್ಲ!