ಹಗೇವಿಗೆ ಇಳಿಬಿಟ್ಟ ದೀಪ

ಹಳ್ಳಿಯ ಕಟ್ಟೆಯ ಮೇಲೆ ನಾಲ್ವರು ಕೂಡಿದರೆ ಐದು ಉಪಾಯಗಳಾದರೂ ಕೈಬದಲಾಗುತ್ತವೆ. ಒಬ್ಬನು ಕಾಳು ಕೆಡದಂತೆ ಇಡುವುದನ್ನು ಹೇಳುತ್ತಾನೆ, ಇನ್ನೊಬ್ಬನು ಎತ್ತಿನ ಗೊರಸಿನ ಮದ್ದನ್ನು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲದಲ್ಲಾಗಲಿ, ಸಹ್ಯಾದ್ರಿಯ ಮಗ್ಗುಲಿನ ಕಲಘಟಗಿಯಲ್ಲಾಗಲಿ ಇಂಥ ತಿಳಿವಳಿಕೆಯೆಲ್ಲ ಸಂತೆಯಲ್ಲಿ, ಬೀಗರ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದುದು. ಆದರೆ ಹೀಗೆ ಸಾಗುವಾಗ ಉಪಾಯವು ಒಂದು ವಾಕ್ಯದಷ್ಟಕ್ಕೆ ಇಳಿಯುತ್ತದೆ. ಅದರ ಕಾರಣವು ದಾರಿಯಲ್ಲಿಯೇ ಉಳಿದುಬಿಡುತ್ತದೆ. ಏಕೆ ಹೀಗೆಂದು ಕೇಳಿದರೆ, "ಹಂಗ ಮಾಡಬೇಕಪಾ, ನಮ್ಮತ್ತಿ ಹಂಗ ಮಾಡತಿದ್ರು" ಎಂಬುದೇ ಉತ್ತರ. ಕಾರಣ ಕಳೆದುಹೋದರೆ ಆಗುವ ನಷ್ಟವೇನೆಂಬುದನ್ನು ಎರಡು ಉದಾಹರಣೆಗಳಿಂದ ನೋಡೋಣ.

ಮೊದಲನೆಯದು ಬೂದಿಯ ಮಾತು. ಹೆಸರು, ಅಲಸಂದಿ ಮೊದಲಾದ ಕಾಳುಗಳಿಗೆ ಕುಳ್ಳಿನ ಬೂದಿಯನ್ನು ಬೆರೆಸಿಟ್ಟರೆ ಹುಳು ಹತ್ತದೆಂಬುದನ್ನು ನಮ್ಮ ಹೆಣ್ಣುಮಕ್ಕಳು ಬಲ್ಲರು. ಬೂದಿಯೇನೂ ವಿಷವಲ್ಲ. ಅದರ ನುಣ್ಣನೆಯ ಕಣಗಳು ಕಾಳುಗಳ ನಡುವಣ ಎಡೆಯನ್ನೆಲ್ಲ ತುಂಬುವುದರಿಂದ ಹುಳುವಿಗೆ ಓಡಾಡಿ ಮೊಟ್ಟೆಯಿಡಲು ತೆರಪು ದೊರೆಯದು. ಅಲ್ಲದೆ ಕೀಟದ ಮೈಮೇಲೆ ತೆಳುವಾದ ಮೇಣದ ಲೇಪವೊಂದಿದೆ. ಒಡಲಿನ ನೀರು ಆರದಂತೆ ಕಾಯುವುದು ಅದೇ. ಬೂದಿಯು ಅದನ್ನು ಉಜ್ಜಿ ಕೆಡಿಸುತ್ತದೆ. ಹುಳು ಒಣಗಿ ಸಾಯುತ್ತದೆ. ಇಷ್ಟು ತಿಳಿದವನಿಗೆ ಮುಂದಿನದು ತಾನಾಗಿಯೇ ಹೊಳೆಯುವುದು: ಬೂದಿ ಚೆನ್ನಾಗಿ ಒಣಗಿರಬೇಕು, ಒಂದು ಹಿಡಿಯಷ್ಟು ಸಾಲದು. ನವಲಗುಂದದ ಒಣಹವೆಯಲ್ಲಿ ಫಲಿಸಿದ ಉಪಾಯವು ಮಳೆ ಹೆಚ್ಚಾದ ಕಲಘಟಗಿಯಲ್ಲಿ, ಬೂದಿ ತೇವ ಹೀರಿದಾಗ, ಅಷ್ಟಾಗಿ ಫಲಿಸದು. ಆಗ ಜನರು ಹೇಳಿಕೊಟ್ಟವನನ್ನು ಬಯ್ಯುತ್ತಾರೆ!

ಇಲ್ಲಿ ಹಾಳಾಗುವುದು ಒಂದು ಚೀಲ ಕಾಳು ಮಾತ್ರ. ಎರಡನೆಯದರಲ್ಲಿ ಪ್ರಾಣವೇ ಹೋದೀತು.

ಹಗೇವು ಎಂದರೆ ಜೋಳವನ್ನು ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಕಿರಿದು, ಒಡಲು ಹಿರಿದು. ತಳಕ್ಕೂ ಸುತ್ತಲೂ ಒಣಹುಲ್ಲನ್ನು ಹಾಸಿ, ಚೆನ್ನಾಗಿ ಒಣಗಿದ ಜೋಳವನ್ನು ಸುರಿದು, ಮೇಲೆ ಹುಲ್ಲು ಹೊದಿಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. 1876-78ರ ಘೋರ ಕ್ಷಾಮವನ್ನು ಕಂಡ ಧಾರವಾಡ ಸೀಮೆಯಲ್ಲಿ ತುಂಬಿದ ಹಗೇವು ಒಂದು ಮನೆತನಕ್ಕೆ ಎಂಥ ಧೈರ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜೋಳದ ಕಾಳು ನಿರ್ಜೀವ ವಸ್ತುವಲ್ಲ, ಅದೂ ಉಸಿರಾಡುತ್ತದೆ. ಹೊರಗಣ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಆಮ್ಲಜನಕವಿದೆ. ಮುಚ್ಚಿದ ಹಗೇವಿನಲ್ಲಿ ಕಾಳು, ಬೂಷ್ಟು, ಹುಳು ಎಲ್ಲವೂ ಸೇರಿ ಅದನ್ನು ಸೇವಿಸಿ ಇಂಗಾಲಾಮ್ಲ ವಾಯುವನ್ನು, ಎಂದರೆ ಈಗಿನ ಪಠ್ಯಗಳು ಹೇಳುವ ಇಂಗಾಲದ ಡೈಆಕ್ಸೈಡನ್ನು, ಹೊರಬಿಡುತ್ತವೆ. ಆಮ್ಲಜನಕವು ನೂರಕ್ಕೆ ಮೂರು ಪಾಲಿಗಿಂತ ಕೆಳಗಿಳಿದರೆ ಹುಳುಗಳು ಬಹುಕಾಲ ಬದುಕಲಾರವು. ತಾವು ಕೆಡಿಸಿದ ಗಾಳಿಯಲ್ಲಿ ತಾವೇ ಸಾಯುತ್ತವೆ. 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮೆರೂನಿನಲ್ಲಿ ಅಲಸಂದಿಗಾಗಿ ರೂಪಿಸಿದ ಮೂರು ಪದರಗಳ ಬಿಗಿಚೀಲದ ತತ್ತ್ವವೂ ಇದೇ.

ಹುಳುವಿಗೆ ಒಂದು ಗಾಳಿ, ಮನುಷ್ಯನಿಗೆ ಒಂದು ಗಾಳಿ ಎಂದಿಲ್ಲವಷ್ಟೆ. ಇಂಗಾಲಾಮ್ಲವು ಗಾಳಿಯ ಒಂದೂವರೆಯಷ್ಟು ಭಾರ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಯಿ ತೆರೆದ ಮೇಲೂ ಅದು ತಳದಲ್ಲಿ ನಿಂತಿರುತ್ತದೆ. ಆದುದರಿಂದಲೇ ಹಿರಿಯರು ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಬಿಟ್ಟು ನೋಡುತ್ತಿದ್ದರು. ದೀಪ ನಂದಿದರೆ ಯಾರೂ ಇಳಿಯುವಂತಿರಲಿಲ್ಲ. ಆಮ್ಲಜನಕವು ನೂರಕ್ಕೆ ಸುಮಾರು 16 ಪಾಲಿಗೆ ಇಳಿದಾಗ ಸಾಧಾರಣ ಜ್ವಾಲೆ ಆರುತ್ತದೆ. ಆ ಕೊರತೆಯಿಂದ ಮನುಷ್ಯನಿಗೆ ಎಚ್ಚರ ತಪ್ಪುವುದು ಇನ್ನೂ ಕೆಳಗಿಳಿದಾಗ. ನಡುವಣ ಆ ಅಂತರವೇ ದೀಪವು ಕೊಡುತ್ತಿದ್ದ ಎಚ್ಚರಿಕೆ. ಬಲ್ಲವರ ಉಪಾಯವಿದು, ಸಂದೇಹವಿಲ್ಲ.

ಈಗ ಹಗೇವುಗಳು ವಿರಳ. ಆದರೆ "ಗುಂಡಿಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡು" ಎಂಬ ಮಾತನ್ನು ಮಾತ್ರ ಕೇಳಿ, ಯಾರಾದರೂ ಅದನ್ನು ಗೋಬರ್ ಗ್ಯಾಸಿನ ಗುಂಡಿಗೆ ಅನ್ವಯಿಸಿದರೆ? ಅಲ್ಲಿರುವ ಮೀಥೇನ್ ಹೊತ್ತಿ ಉರಿಯುವ ಅನಿಲ. ದೀಪವೇ ಸ್ಫೋಟಕ್ಕೆ ಕಾರಣವಾದೀತು. ಹುಳುವಿಗೆಂದು ಅಲ್ಯೂಮಿನಿಯಂ ಫಾಸ್ಫೈಡಿನ ಗುಳಿಗೆ ಇಟ್ಟ ಉಗ್ರಾಣದಲ್ಲಿ? ಅದರಿಂದ ಹೊಮ್ಮುವ ಫಾಸ್ಫೀನ್ ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪವು ನಿಶ್ಚಿಂತೆಯಿಂದ ಉರಿಯುತ್ತಿರಬಹುದು. ದೀಪ ಬಲ್ಲುದು ಮುಖ್ಯವಾಗಿ ಆಮ್ಲಜನಕದ ಸುದ್ದಿಯನ್ನು, ಅದನ್ನೂ ಸ್ಥೂಲವಾಗಿ. ಗಾಳಿಯನ್ನು ಅಳೆಯುವ ಉಪಕರಣಗಳು ಬಂದಿರುವ ಈ ಕಾಲದಲ್ಲಿ ಹಗೇವಿಗಾಗಲಿ ಹಾಳುಬಾವಿಗಾಗಲಿ ಅದೊಂದನ್ನೇ ನೆಚ್ಚಿ ಇಳಿಯತಕ್ಕದ್ದಲ್ಲ.

ವಿದ್ಯಾರ್ಥಿಗಳು ತಮ್ಮ ಮನೆಯ ಉಪಾಯವೊಂದನ್ನು ಗೆಳೆಯರಿಗೆ ಹೇಳುವಾಗ ಯಾವ ನೆಲ, ಯಾವ ಋತು, ಎಷ್ಟು ಪ್ರಮಾಣ, ಎಲ್ಲಿ ಸೋತಿತು ಎಂಬುದನ್ನೂ ಸೇರಿಸಿದರೆ ಕೇಳಿದವನಿಗೆ ಕಾರಣವನ್ನು ಹುಡುಕಲು ಎಡೆಯಾಗುತ್ತದೆ. ಒಂದು ಮಾತನ್ನಂತೂ ಕಾರಣಸಹಿತವಾಗಿಯೇ ಹೇಳಬೇಕು: ಗುಂಡಿಯೊಳಗೆ ಒಬ್ಬನು ಕುಸಿದುಬಿದ್ದರೆ, ಅವನನ್ನು ಎತ್ತಲೆಂದು ಮತ್ತೊಬ್ಬನು ಹಾಗೆಯೇ ಇಳಿಯಕೂಡದು. ಮೊದಲನೆಯವನನ್ನು ಕೆಡವಿದ ಗಾಳಿ ಇನ್ನೂ ಅಲ್ಲಿಯೇ ಇದೆ. ಕೂಡಲೇ 112ಕ್ಕೆ ದೂರವಾಣಿ ಮಾಡಿ ಅಗ್ನಿಶಾಮಕ ದಳವನ್ನು ಕರೆಯಿಸಬೇಕು; ಉಸಿರಾಟದ ಉಪಕರಣ ತೊಟ್ಟು ಇಳಿಯುವವರು ಅವರು.