ಗುದ್ದು ಹೊರಡುವುದು ಅಂಗಾಲಿನಿಂದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಜಾತ್ರೆಗೂ ಕುಸ್ತಿಗೂ ಹಳೆಯ ನಂಟು. ಗರಡಿಮನೆಯ ಮಣ್ಣಿನಲ್ಲಿ ದಂಡ, ಬೈಠಕ್ ಹೊಡೆದು ಮೈ ಹುರಿಗೊಳಿಸಿದ ಹುಡುಗನಿಗೆ ಪಟ್ಟು ಹಾಕುವುದು ಗೊತ್ತು. ಆದರೆ ಕುಸ್ತಿಯ ಕಣದಲ್ಲಿ ಗುದ್ದುವಂತಿಲ್ಲ. ಗುದ್ದುವುದು ಬೇರೆಯದೇ ವಿದ್ಯೆ.

ಈ ವಿದ್ಯೆ ಕನ್ನಡ ನಾಡಿಗೆ ಹೊಸದೇನಲ್ಲ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ಜೆಟ್ಟಿಗಳು ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಬೋಳಿಸಿದ ತಲೆ, ಬಲಗೈ ಬೆರಳುಗಳಿಗೆ ಮೊನೆಯುಳ್ಳ ಆಯುಧ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಇನ್ನೂ ಹಿಂದೆ ಹೋದರೆ, 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಂದ ವಿಂಗಡಿಸುವ ಬಗೆ, ಅವರ ಆಹಾರ, ಅಭ್ಯಾಸ ಎಲ್ಲವೂ ಅಲ್ಲಿ ಬಂದಿವೆ. ಸರಿಸಮಾನರನ್ನೇ ಸೆಣಸಲು ಬಿಡಬೇಕೆಂಬ ವಿವೇಕ ಅಷ್ಟು ಹಳೆಯದು.

ಗುದ್ದಿನ ಬಲ ತೋಳಿನಲ್ಲಿದೆ ಎಂಬುದು ಕಲಿಯದವರ ನಂಬಿಕೆ. ನಿಜಕ್ಕೂ ಅದು ಹುಟ್ಟುವುದು ನೆಲದಲ್ಲಿ. ಬಲಗೈಯವನು ಎಡಗಾಲನ್ನು ಮುಂದಿಟ್ಟು, ಮೊಣಕಾಲನ್ನು ತುಸು ಸಡಿಲಿಸಿ ನಿಲ್ಲಬೇಕು. ಹಿಂದಿನ ಅಂಗಾಲು ನೆಲವನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ಭುಜ ಮುಂದೆ ಬರುತ್ತದೆ. ಮುಷ್ಟಿ ಕೊನೆಗೆ ತಲುಪುತ್ತದೆ. ಕವಣೆಯಲ್ಲಿ ಕಲ್ಲು ಬೀಸಿದವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗಿರಬೇಕು. ಒಳಗೆ ಮಡಿಸಿದರೆ ಮುರಿಯುವ ಭಯ. ಮಣಿಕಟ್ಟು ಮುಂಗೈಗೆ ನೇರವಾಗಿರಬೇಕು. ತಾಗಬೇಕಾದದ್ದು ತೋರುಬೆರಳು, ನಡುಬೆರಳುಗಳ ಗೆಣ್ಣುಗಳು. ಕಿರುಬೆರಳ ಕಡೆಯಿಂದ ಬಡಿದರೆ ಅಂಗೈಯ ತೆಳು ಎಲುಬು ಮುರಿಯುತ್ತದೆ. ಈ ಪೆಟ್ಟಿಗೆ ವೈದ್ಯರು ಬಾಕ್ಸರನ ಹೆಸರನ್ನೇ ಇಟ್ಟಿದ್ದಾರೆ. ಆದರೆ ಕೋಪದಲ್ಲಿ ಗೋಡೆಗೆ ಗುದ್ದಿದವರಲ್ಲೇ ಅದು ಹೆಚ್ಚು. ದುಡಿಯುವ ಕೈ ವಾರಗಟ್ಟಲೆ ಕಟ್ಟಿನಲ್ಲಿ ಕೂತರೆ ನಷ್ಟ ಮನೆಗೆ.

ಗುದ್ದಿದ ಕೈ ಹೋದ ದಾರಿಯಲ್ಲೇ ಬೇಗ ಹಿಂದಿರುಗಬೇಕು, ಇನ್ನೊಂದು ಕೈ ಗದ್ದದ ಬಳಿ ಕಾವಲಿರಬೇಕು. ಹೊಸಬರು ಮರೆಯುವುದು ಈ ಎರಡನ್ನೇ.

1867ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನು ಕಡ್ಡಾಯ ಮಾಡಿದವು; ಮೂರು ನಿಮಿಷದ ಸುತ್ತು, ನಡುವೆ ಒಂದು ನಿಮಿಷದ ವಿರಾಮ ಬಂದವು. ಆದರೆ ಕೈಗವಸು ಮುಖ್ಯವಾಗಿ ಕಾಯುವುದು ಗುದ್ದುವವನ ಕೈಯನ್ನು. ಪೆಟ್ಟು ತಿಂದ ತಲೆಯೊಳಗಿನ ಮೆದುಳು ಅಲುಗುವುದನ್ನು ಅದು ತಡೆಯಲಾರದು. ಆದ್ದರಿಂದಲೇ ಅನುಭವಿ ತರಬೇತುದಾರರು ಮೊದಲ ತಿಂಗಳುಗಳಲ್ಲಿ ಎದುರಾಳಿಯನ್ನೇ ಕೊಡುವುದಿಲ್ಲ. ಕನ್ನಡಿ, ಗಾಳಿ, ತೂಗುಚೀಲಗಳೇ ಜೊತೆಗಾರರು. ಗರಡಿಯ ಉಸ್ತಾದರೂ ಹೊಸಬನನ್ನು ಮೊದಲ ದಿನವೇ ಕಣಕ್ಕೆ ಇಳಿಸುವುದಿಲ್ಲ. ಕೈ ಎತ್ತುವುದನ್ನು ಯಾರೂ ಕಲಿಸಬೇಕಿಲ್ಲ. ಎತ್ತಿದ ಕೈಯನ್ನು ಹಿಡಿತದಲ್ಲಿಡಲು ಗುರು ಬೇಕು.